ನಾಯಕ ಎಂಬ ಶಬ್ದಕ್ಕೆ ಎರಡು ಅರ್ಥ

ಸಂಸ್ಕೃತದಲ್ಲಿ ‘ನೀ’ ಎಂಬ ಧಾತುವಿಗೆ ಕೊಂಡೊಯ್ಯುವುದು, ನಡೆಯಿಸುವುದು ಎಂದರ್ಥ. ‘ನೇತಾ’, ‘ನಾಯಕ’ ಎಂಬ ಶಬ್ದಗಳು ಅದರಿಂದ ಹುಟ್ಟಿದುವು. ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹೊತ್ತು ನಡೆಯುವ ಪುರುಷನಿಗೆ ನಾಟ್ಯಲಕ್ಷಣಕಾರರು ಈ ಹೆಸರನ್ನಿಟ್ಟರು. ಜನರನ್ನು ಮುಂದೆ ನಿಂತು ನಡೆಸತಕ್ಕವನಿಗೆ ಲೋಕವೂ ಅದೇ ಹೆಸರನ್ನಿಟ್ಟಿತು. ಒಂದೇ ಶಬ್ದ ಎರಡು ಮನೆಗಳಲ್ಲಿ ಊಟಮಾಡುತ್ತಿದ್ದರೂ ಬಹುಕಾಲ ಯಾರಿಗೂ ಗಲಿಬಿಲಿಯಾಗಲಿಲ್ಲ. ರಾತ್ರಿ ರಂಗದ ಮೇಲೆ ದುಷ್ಯಂತನಾಗಿದ್ದವನ ಬಳಿಗೆ ಬೆಳಗಾದ ಮೇಲೆ ಕಂದಾಯದ ಮಾಫಿ ಕೇಳಲು ಯಾರೂ ಹೋಗುತ್ತಿರಲಿಲ್ಲ. ಈಗ ಹೋಗುತ್ತಾರೆ. ಹಾಗೆ ಹೋದವರಲ್ಲಿ ಕೆಲವರಿಗೆ ಮಾಫಿ ಸಿಕ್ಕಿದ್ದೂ ಉಂಟು. ವಿಷಯ ವಿಚಾರಕ್ಕೆ ಯೋಗ್ಯವಾಗಿರುವುದು ಆ ಕಾರಣದಿಂದಲೇ.

ಕೋಲಾರ ಜಿಲ್ಲೆಯ ನಮ್ಮಂಥವರಿಗೆ ಇದು ದೂರದ ಮಾತಲ್ಲ. ಮುಳಬಾಗಿಲಿನಿಂದ ನಂಗಲಿಯನ್ನು ದಾಟಿದರೆ ಆಂಧ್ರದೇಶ. ಮಾಲೂರಿನ ಅಂಚಿನ ಹಳ್ಳಿಗಳವರಿಗೆ ಹೊಸೂರಿನ ಸಂತೆ ಹತ್ತಿರ. ಶ್ರೀನಿವಾಸಪುರದ ಮಾವಿನ ತೋಟಗಳನ್ನು ಹಿಂದಕ್ಕೆ ಹಾಕಿ ಪೂರ್ವಕ್ಕೆ ಹೊರಟರೆ ಮದನಪಲ್ಲಿಯ ದಾರಿ. ಮನೆಯಲ್ಲಿ ತೆಲುಗು, ಪಾಠಶಾಲೆಯಲ್ಲಿ ಕನ್ನಡ, ವ್ಯಾಪಾರಕ್ಕೆ ಒಂದಿಷ್ಟು ತಮಿಳು ಎಂಬುದು ಇಲ್ಲಿಯ ಎಷ್ಟೋ ಸಂಸಾರಗಳ ನಿತ್ಯದ ವ್ಯವಸ್ಥೆ. ಚಲಚ್ಚಿತ್ರದ ವ್ಯಾಪಾರಿಗಳಿಗೆ ನಮ್ಮ ಜಿಲ್ಲೆ ಒಂದು ಅಕ್ಷರ ಮಾತ್ರ. ಬೆಂಗಳೂರು, ಕೋಲಾರ, ತುಮಕೂರುಗಳನ್ನು ಒಂದು ಗಂಟುಮಾಡಿ ‘ಬಿ.ಕೆ.ಟಿ.’ ಎಂದು ಕರೆದು, ಆ ಗಂಟಿಗೆ ಹಂಚಿಕೆಯ ಹಕ್ಕನ್ನು ಮಾರುವುದು ಅವರ ಪದ್ಧತಿ. ಹೀಗೆ ಮೂರು ಭಾಷೆಗಳ ನಾಯಕರೂ ನಮ್ಮ ಬಾಗಿಲಿಗೆ ಬಂದರು. ಅವರ ಬೆನ್ನ ಹಿಂದೆ ಮೂರು ರಾಜ್ಯಗಳ ರಾಜಕೀಯವೂ ಬಂದಿತು.

ನನ್ನ ಬಾಲ್ಯದಲ್ಲಿ, ಎಂದರೆ ೧೯೭೦ರ ದಶಕದಲ್ಲಿ, ಸುಗ್ಗಿ ಮುಗಿದ ಮೇಲೆ ಊರ ಹೊರಗಿನ ಬಯಲಿನಲ್ಲಿ ಟೂರಿಂಗ್ ಟಾಕೀಸಿನ ಡೇರೆ ಏಳುತ್ತಿತ್ತು. ನೆಲಕ್ಕೆ ಒಂದು ದರ, ಬೆಂಚಿಗೆ ಒಂದು ದರ. ನೆಲದವರು ಮರಳನ್ನು ಗುಡ್ಡೆಮಾಡಿಕೊಂಡು ಅದರ ಮೇಲೆ ಕುಳಿತು, ಹಿಂದಿನವರಿಂದ ಬೈಸಿಕೊಳ್ಳುವರು. ನಂದಮೂರಿ ತಾರಕ ರಾಮರಾಯರು ಕೃಷ್ಣನ ವೇಷದಲ್ಲಿ ಪರದೆಯ ಮೇಲೆ ಕಾಣಿಸಿಕೊಂಡ ಕ್ಷಣವೇ ನಮ್ಮ ನೆರೆಮನೆಯ ಮುದುಕಿಯೊಬ್ಬಳು ಎರಡು ಕೈಗಳನ್ನೂ ಎತ್ತಿ ಮುಗಿಯುವಳು. ಹುಡುಗರಾದ ನಾವು ದಾರಿಯಲ್ಲಿ ಹಾಸ್ಯಮಾಡಿದೆವು. “ಅವ್ನು ವೇಷಗಾರ ಅಂತ ನಂಗೆ ಗೊತ್ತಿಲ್ವೇನ್ರೋ? ನಾನು ಕೈಮುಗಿದಿದ್ದು ಕಿಟ್ಟಪ್ಪನ್ಗೆ” ಎಂದು ಅವಳು ಗದರಿಸಿದಳು. ಅಕ್ಷರವನ್ನರಿಯದ ಆ ಅಜ್ಜಿಯ ಮಾತಿನಲ್ಲಿ ನಮ್ಮ ಆಲಂಕಾರಿಕರು ನೂರಾರು ವರ್ಷ ವಾದಿಸಿ ತಲಪಿದ ಒಂದು ತತ್ತ್ವವಿದೆ. ಅದನ್ನು ಮುಂದೆ ಹೇಳುವೆನು.

ಮೊದಲು ಚರಿತ್ರೆ. ಚಿತ್ರನಟನೊಬ್ಬನು ಸ್ಥಾಪಿಸಿದ ಪಕ್ಷ ಕನ್ನಡನಾಡಿನೊಳಗೆ ವಿಧಾನಸಭೆಯ ಸ್ಥಾನವನ್ನು ಗೆದ್ದದ್ದು ನಮ್ಮ ಜಿಲ್ಲೆಯಲ್ಲಿ ಎಂಬುದನ್ನು ಈಗಿನ ತರುಣರು ಅಷ್ಟಾಗಿ ಅರಿಯರು. ಎಂ. ಜಿ. ರಾಮಚಂದ್ರನ್ ಅವರು ೧೯೭೨ರಲ್ಲಿ ಕಟ್ಟಿದ ಅಣ್ಣಾ ದ್ರಾವಿಡ ಮುನ್ನೇತ್ರ ಕಳಗದ ಅಭ್ಯರ್ಥಿ ೧೯೮೯ರಲ್ಲಿಯೂ ಮತ್ತೆ ೧೯೯೯ರಲ್ಲಿಯೂ ಕೋಲಾರ ಚಿನ್ನದ ಗಣಿಯ ಕ್ಷೇತ್ರದಿಂದ ಆರಿಸಿ ಬಂದರು. ಗಣಿಯ ಕೆಲಸಕ್ಕೆಂದು ತಲೆಮಾರುಗಳ ಹಿಂದೆ ಉತ್ತರ ಆರ್ಕಾಟು ಮೊದಲಾದ ಸೀಮೆಗಳಿಂದ ಬಂದು ನೆಲೆಸಿದ ತಮಿಳು ಜನರ ಊರು ಅದು. ಭೂಮಿಯ ಕೆಳಗೆ ಎರಡು ಮೈಲಿಯ ಆಳಕ್ಕೆ ಇಳಿದು ಬೆವರು ಸುರಿಸಿ ಮೇಲಕ್ಕೆ ಬಂದವನಿಗೆ, ಬಡವನ ಪಕ್ಷವನ್ನೇ ವಹಿಸುವ, ಕುಡಿಯದ, ಸೇದದ, ತಾಯಿಯ ಮಾತನ್ನು ಮೀರದ ನಾಯಕನೊಬ್ಬನು ಪರದೆಯ ಮೇಲೆ ಕಾಣಿಸಿದರೆ ಅವನು ಬಂಧುವಾಗುವುದರಲ್ಲಿ ಆಶ್ಚರ್ಯವೇನು?

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಅಭಿನಯದ ಶಕ್ತಿಯನ್ನು ಮಾತ್ರ ತೂಗಿದರೆ ಶಿವಾಜಿ ಗಣೇಶನ್ ಅವರು ರಾಮಚಂದ್ರನ್ ಅವರಿಗಿಂತ ಮೇಲೆಂಬುದನ್ನು ತಮಿಳರೇ ಒಪ್ಪುವರು. ಆದರೆ ಶಿವಾಜಿಯವರು ಸ್ವಂತ ಪಕ್ಷವನ್ನು ಕಟ್ಟಿ ೧೯೮೯ರಲ್ಲಿ ತಿರುವೈಯಾರಿನಲ್ಲಿ ನಿಂತು ಸೋತರು. ಒಬ್ಬರು ಇಂದು ಕುಡುಕನಾಗಿ, ನಾಳೆ ರಾಜನಾಗಿ, ನಾಡಿದ್ದು ಮುದುಕನಾಗಿ ತಮ್ಮನ್ನು ಅಳಿಸಿಕೊಂಡು ಪಾತ್ರವಾದರು. ಇನ್ನೊಬ್ಬರು ಎಲ್ಲ ಪಾತ್ರಗಳನ್ನೂ ಅಳಿಸಿ ಒಂದೇ ಧೀರೋದಾತ್ತ ಪುರುಷನಾಗಿ ಉಳಿದರು. ಮತ ಬಿದ್ದದ್ದು ಎರಡನೆಯವರಿಗೆ. ಈ ಸೂತ್ರವನ್ನು ಬರೆದು ಮುಗಿಸುವಷ್ಟರಲ್ಲಿ ರಾಮರಾಯರು ಅಡ್ಡ ನಿಲ್ಲುತ್ತಾರೆ. ಅವರು ಕೃಷ್ಣನಾದಷ್ಟೇ ಉತ್ಸಾಹದಿಂದ ರಾವಣನೂ ಆದರು, ದುರ್ಯೋಧನನೂ ಆದರು. ೧೯೭೭ರ ‘ದಾನವೀರಶೂರ ಕರ್ಣ’ದಲ್ಲಿ ಕೃಷ್ಣ, ಕರ್ಣ, ದುರ್ಯೋಧನ ಮೂವರೂ ಅವರೇ. ಜನ ಮೂವರಿಗೂ ಸೇರಿಸಿ ಮತಕೊಟ್ಟರು.

ರಾಮರಾಯರು ತೆಲುಗು ದೇಶಂ ಪಕ್ಷವನ್ನು ಸ್ಥಾಪಿಸಿದ್ದು ೧೯೮೨ರ ಮಾರ್ಚಿ ೨೯ರಂದು. ಮುಖ್ಯಮಂತ್ರಿಯಾದದ್ದು ೧೯೮೩ರ ಜನವರಿ ೯ರಂದು. ನಡುವೆ ಪೂರ್ತಿ ಹತ್ತು ತಿಂಗಳೂ ಇಲ್ಲ. ಹಳೆಯ ವಾಹನವೊಂದನ್ನು ‘ಚೈತನ್ಯರಥ’ವನ್ನಾಗಿ ಮಾಡಿಕೊಂಡು ಊರೂರು ತಿರುಗಿದ ಆ ಯಾತ್ರೆಯ ವರ್ಣನೆಗಳು ಮುಳಬಾಗಿಲು, ಶ್ರೀನಿವಾಸಪುರಗಳ ಹೋಟೆಲುಗಳಲ್ಲಿ ತೆಲುಗು ಪತ್ರಿಕೆಗಳ ಮೂಲಕ ಪ್ರತಿದಿನವೂ ಪಾರಾಯಣವಾಗುತ್ತಿದ್ದುವು. ಮುಂದೆ ೧೯೮೫ರಿಂದ ಅವರು ಪ್ರತಿನಿಧಿಸಿದ ಹಿಂದೂಪುರವಾದರೂ ಗೌರಿಬಿದನೂರಿನ ಪಕ್ಕದ್ದೇ. ಆದರೆ ವೇಷವೊಂದೇ ಅವರನ್ನು ಗೆಲ್ಲಿಸಿತೆನ್ನುವುದು ಜನರಿಗೆ ಮಾಡುವ ಅನ್ಯಾಯ. ಕಿಲೋಗ್ರಾಮಿಗೆ ಎರಡು ರೂಪಾಯಿಯಂತೆ ಅಕ್ಕಿ ಎಂಬ ಮಾತು ಅವರದಾಗಿತ್ತು. ಹಾಗೆಯೇ ರಾಮಚಂದ್ರನ್ ಅವರು ೧೯೮೨ರಲ್ಲಿ ತಮಿಳುನಾಡಿನ ಶಾಲೆಗಳ ಮಧ್ಯಾಹ್ನದ ಊಟವನ್ನು ಬಹಳ ವಿಸ್ತಾರವಾಗಿ ಬೆಳೆಸಿದರು. ನಮ್ಮ ಸರಕಾರ ಅಕ್ಷರದಾಸೋಹವನ್ನು ಆರಂಭಿಸಿದ್ದು ಅದಕ್ಕೆ ಇಪ್ಪತ್ತು ವರ್ಷಗಳ ಮೇಲೆ. ಹಸಿದ ಹೊಟ್ಟೆಯ ಮಕ್ಕಳಿಗೆ ರಾಮಶಬ್ದವನ್ನು ಕಲಿಸಿದ ಉಪಾಧ್ಯಾಯನಾದ ನಾನು ಆ ನಟರನ್ನು ಬರಿಯ ವೇಷಧಾರಿಗಳೆಂದು ತಳ್ಳಿಹಾಕಲಾರೆ.

ಅವಿಭಕ್ತ ಕೋಲಾರ ಜಿಲ್ಲೆಯಲ್ಲಿ ೧೯೮೫ರಲ್ಲಿ ನಡೆದ ಇನ್ನೊಂದು ಸಂಗತಿ ಸ್ವಾರಸ್ಯವಾಗಿದೆ. ‘ಮುಖ್ಯಮಂತ್ರಿ’ ಎಂಬ ನಾಟಕದಲ್ಲಿ ಮುಖ್ಯಮಂತ್ರಿಯ ಪಾತ್ರವನ್ನು ವಹಿಸಿ, ಆ ಪಾತ್ರದ ಹೆಸರನ್ನೇ ತಮ್ಮ ಹೆಸರಿನ ಮುಂದೆ ಧರಿಸಿದ ಚಂದ್ರು ಅವರು ಆ ವರ್ಷ ಜನತಾ ಪಕ್ಷದಿಂದ ಗೌರಿಬಿದನೂರಿನಲ್ಲಿ ನಿಂತು ಶಾಸಕರಾದರು. ಅಧಿಕಾರಕ್ಕಾಗಿ ಎಲ್ಲ ಕುತಂತ್ರಗಳನ್ನೂ ಮಾಡುವ ರಾಜಕಾರಣಿಯ ಪಾತ್ರ ಅದು. ಪ್ರೇಕ್ಷಕರು ಆ ಕುತಂತ್ರಗಳನ್ನು ಕಂಡು ನಕ್ಕು, ಚಪ್ಪಾಳೆ ತಟ್ಟಿ, ಪಾತ್ರಧಾರಿಯನ್ನು ಮಾತ್ರ ಸಜ್ಜನರೆಂದು ಗುರುತಿಸಿ ಆರಿಸಿದರು. ನಮ್ಮ ಸೀಮೆಯ ಮತದಾರನಿಗೆ ವೇಷಕ್ಕೂ ವ್ಯಕ್ತಿಗೂ ಇರುವ ಭೇದ ತಿಳಿಯದೆಂದು ಯಾರಾದರೂ ಹೇಳಿದರೆ ಗೌರಿಬಿದನೂರನ್ನು ತೋರಿಸಬಹುದು. ಇದರ ವಿಪರ್ಯಾಸವೂ ನಮ್ಮಲ್ಲಿದೆ. ಶ್ರೀನಿವಾಸಪುರದಿಂದ ಹಲವು ಬಾರಿ ಆರಿಸಿ ಬಂದು ಎರಡು ಸಲ ವಿಧಾನಸಭೆಯ ಅಧ್ಯಕ್ಷರಾಗಿದ್ದ ಕೆ. ಆರ್. ರಮೇಶ್ ಕುಮಾರ್ ಅವರು ಟಿ. ಎನ್. ಸೀತಾರಾಮ್ ಅವರ ‘ಮುಕ್ತ ಮುಕ್ತ’ ಎಂಬ ಧಾರಾವಾಹಿಯಲ್ಲಿ ಪಾತ್ರ ವಹಿಸಿದರು. ವಿಧಾನಸಭೆಯಲ್ಲಿ ಅವರ ಮಾತುಗಾರಿಕೆಯನ್ನು ಕಂಡಿದ್ದವರಿಗೆ ಅದರಲ್ಲಿ ಹೊಸದೇನೂ ಕಾಣಲಿಲ್ಲವಂತೆ!

ಡಾ. ರಾಜ್‌ಕುಮಾರ್ ಅವರ ವಿಚಾರವನ್ನು ಬಿಟ್ಟು ಈ ಲೇಖನವನ್ನು ಬರೆಯುವಂತಿಲ್ಲ. ೧೯೮೨ರ ಗೋಕಾಕ್ ಚಳವಳಿ ನನ್ನಂಥವರಿಗೆ ಬಹಳ ಹತ್ತಿರದಿಂದ ತಾಗಿದ ಪ್ರಸಂಗ. ಏಕೆಂದರೆ ವಿವಾದದ ಒಂದು ಕೊನೆ ಸಂಸ್ಕೃತವೇ ಆಗಿದ್ದಿತು. ಪ್ರೌಢಶಾಲೆಗಳಲ್ಲಿ ಪ್ರಥಮಭಾಷೆಯ ಸ್ಥಾನದಲ್ಲಿ ಸಂಸ್ಕೃತವನ್ನು ತೆಗೆದುಕೊಂಡು ಕನ್ನಡವನ್ನು ಓದದೆಯೇ ಮುಂದೆ ಹೋಗುವ ಅವಕಾಶವಿದ್ದುದರಿಂದ, ವಿ. ಕೃ. ಗೋಕಾಕರ ಅಧ್ಯಕ್ಷತೆಯ ಸಮಿತಿ ೧೯೮೧ರಲ್ಲಿ ಕನ್ನಡಕ್ಕೆ ಪ್ರಥಮಸ್ಥಾನ ಸಲ್ಲಬೇಕೆಂದು ವರದಿಯನ್ನೊಪ್ಪಿಸಿತು. ಸಾಹಿತಿಗಳು ಕೂಗಿದರು, ಸರಕಾರ ಕೇಳಲಿಲ್ಲ. ನಾಲ್ಕು ತರಗತಿಯನ್ನೂ ಸರಿಯಾಗಿ ಓದಿರದ ಒಬ್ಬ ನಟರು ಬೀದಿಗಿಳಿದು ಜಿಲ್ಲೆಯಿಂದ ಜಿಲ್ಲೆಗೆ ಹೋಗಿ ಮಾತನಾಡಿದರು, ಆಗ ಕೇಳಿತು. ಸಂಸ್ಕೃತದ ಅನ್ನವನ್ನುಂಡವನಾದರೂ ಆ ಬೇಡಿಕೆ ನ್ಯಾಯವಾದುದೆಂದು ನಾನು ಅಂದೂ ಎಣಿಸಿದ್ದೆ, ಇಂದೂ ಎಣಿಸುತ್ತೇನೆ. ಆದರೆ ನಮ್ಮ ಜಿಲ್ಲೆಯಲ್ಲಿ ತೆಲುಗು, ತಮಿಳು, ಉರ್ದು ಮನೆಮಾತಿನ ತಾಯಿತಂದೆಗಳ ಮುಖದಲ್ಲಿದ್ದ ಕಳವಳವೂ ನನಗೆ ನೆನಪಿದೆ. ಪಂಡಿತರ ಸಭೆಯಲ್ಲಿ ಅವರ ಪ್ರಶ್ನೆಗೆ ಉತ್ತರ ಹೇಳಬಹುದಾಗಿತ್ತು. ಜನಸಾಗರದ ಘೋಷದಲ್ಲಿ ಅದಕ್ಕೆ ಎಡೆಯಿರಲಿಲ್ಲ.

ರಾಜ್‌ಕುಮಾರ್ ಅವರ ಹೆಚ್ಚುಗಾರಿಕೆ ಇದ್ದದ್ದು ಆಮೇಲೆ. ೧೯೭೮ರ ಚಿಕ್ಕಮಗಳೂರಿನ ಉಪಚುನಾವಣೆಯಲ್ಲಿ ಇಂದಿರಾ ಗಾಂಧಿಯವರಿಗೆದುರಾಗಿ ಅವರನ್ನು ನಿಲ್ಲಿಸಬೇಕೆಂದು ಪ್ರಯತ್ನಗಳು ನಡೆದುವೆಂಬುದು ಪ್ರಸಿದ್ಧವಾದ ಮಾತು. ಅವರು ನಿಲ್ಲಲಿಲ್ಲ. ಚಳವಳಿ ಮುಗಿದು ೧೯೮೩ರ ಜನವರಿಯಲ್ಲಿ ಕರ್ನಾಟಕದ ಸರಕಾರ ಬದಲಾದಾಗ, ಅದೇ ವಾರ ನೆರೆಯ ಹೈದರಾಬಾದಿನಲ್ಲಿ ಅವರಂಥದೇ ಒಬ್ಬ ಪೌರಾಣಿಕ ನಟರು ಸಿಂಹಾಸನವನ್ನೇರಿದ್ದರು. ಬೇಕೆಂದಿದ್ದರೆ ಇವರಿಗೂ ದಾರಿ ತೆರೆದೇ ಇದ್ದಿತು. ಇವರು ಮತ್ತೆ ಬಣ್ಣ ಹಚ್ಚಿಕೊಂಡರು. ಅಧಿಕಾರವನ್ನು ಹಿಡಿದು ನಡೆಸುವುದಕ್ಕೆ ಎಷ್ಟು ಬಲಬೇಕೋ, ಕೈಗೆ ಬಂದದ್ದನ್ನು ಮುಟ್ಟದಿರುವುದಕ್ಕೆ ಅದಕ್ಕಿಂತ ಹೆಚ್ಚು ಬಲಬೇಕು.

ಕನ್ನಡದಲ್ಲಿ ಇಂಥ ನಟರ ಭಕ್ತರನ್ನು ‘ಅಭಿಮಾನಿ’ಗಳೆಂದು ಕರೆಯುವ ರೂಢಿ. ಈ ಶಬ್ದದ ಹುಟ್ಟನ್ನು ನೋಡಿದರೆ ಮೈ ಜುಮ್ಮೆನ್ನುತ್ತದೆ. ಸಾಂಖ್ಯರು ಅಹಂಕಾರಕ್ಕೆ ಲಕ್ಷಣವನ್ನು ಹೇಳುವಾಗ ಅಭಿಮಾನವೇ ಅಹಂಕಾರವೆಂದರು. ‘ಇದು ನಾನು, ಇದು ನನ್ನದು’ ಎಂದು ನಾನಲ್ಲದುದರ ಮೇಲೆ ನನ್ನನ್ನು ಆರೋಪಿಸಿಕೊಳ್ಳುವುದೇ ಅಭಿಮಾನ. ಅಭಿಮಾನಿಯಾದವನು ನಟನನ್ನು ಮೆಚ್ಚುವುದಷ್ಟಕ್ಕೆ ನಿಲ್ಲುವುದಿಲ್ಲ. ನಟನ ಜಯವನ್ನು ತನ್ನ ಜಯವೆಂದೂ, ಅವನಿಗಾದ ಅವಮಾನವನ್ನು ತನ್ನ ಮುಖಕ್ಕೆ ಬಿದ್ದ ಪೆಟ್ಟೆಂದೂ ತಿಳಿಯುವನು. ೨೦೦೬ರ ಏಪ್ರಿಲಿನಲ್ಲಿ ರಾಜ್‌ಕುಮಾರ್ ಅವರು ತೀರಿಕೊಂಡಾಗ ಬೆಂಗಳೂರಿನಲ್ಲಿ ದುಃಖವೇ ದೊಂಬಿಯಾಗಿ ಜೀವಗಳು ಹೋದುವು. ಅದೇ ರಾಜ್‌ಕುಮಾರ್ ಅವರ ಕಣ್ಣುಗಳ ದಾನ, ಬಳಿಕ ೨೦೨೧ರಲ್ಲಿ ಅವರ ಕಿರಿಯ ಮಗ ಪುನೀತರ ಕಣ್ಣುಗಳ ದಾನ, ಸಾವಿರಾರು ಮಂದಿ ತಮ್ಮ ಕಣ್ಣುಗಳನ್ನು ಬರೆದುಕೊಡುವುದಕ್ಕೆ ಪ್ರೇರಣೆಯಾದುವು. ಒಂದೇ ನೀರು; ಒಂದು ಕಡೆ ಕೊಚ್ಚಿತು, ಒಂದು ಕಡೆ ಪೈರನ್ನು ಬೆಳೆಯಿತು.

ಇನ್ನು ಆ ಅಜ್ಜಿಯ ಮಾತು. ಭರತಮುನಿಯ ನಾಟ್ಯಶಾಸ್ತ್ರದ ಮೊದಲನೆಯ ಅಧ್ಯಾಯದಲ್ಲಿ ಪ್ರಪಂಚದ ಮೊತ್ತಮೊದಲನೆಯ ನಾಟಕದ ವೃತ್ತಾಂತವಿದೆ. ಇಂದ್ರನ ಧ್ವಜೋತ್ಸವದಲ್ಲಿ ಆಡಿದ ಆ ಆಟದ ವಸ್ತು ದೇವತೆಗಳು ಅಸುರರನ್ನು ಸೋಲಿಸಿದ್ದು. ಸೋತವರ ಮುಂದೆಯೇ ಸೋಲಿನ ಕಥೆ! ಅಸುರರು ಸಿಟ್ಟಾದರು, ವಿಘ್ನಗಳು ಬಂದು ನಟರ ಮಾತನ್ನೂ ಚಲನೆಯನ್ನೂ ಸ್ತಂಭನಮಾಡಿದುವು, ಇಂದ್ರನು ತನ್ನ ಧ್ವಜದಂಡದಿಂದ ವಿಘ್ನಗಳನ್ನು ಬಡಿದನು. ಕೊನೆಗೆ ಬ್ರಹ್ಮನು ಅಸುರರನ್ನು ಕರೆದು, ನಾಟ್ಯವು ನಿಮ್ಮದೂ ಅಲ್ಲ, ದೇವತೆಗಳದೂ ಅಲ್ಲ, ಮೂರು ಲೋಕದ ಭಾವಗಳನ್ನು ಅನುಕೀರ್ತನೆ ಮಾಡತಕ್ಕದ್ದು ಎಂದು ಸಮಾಧಾನಪಡಿಸಿದನಂತೆ. ವಿನೋದದೊಳಗೆ ರಾಜಕೀಯ ಸೇರಿತೆಂದು ನಾವು ಈಗ ಹುಬ್ಬೇರಿಸುತ್ತೇವೆ. ನಮ್ಮ ಪರಂಪರೆಯ ಪ್ರಕಾರ ಮೊದಲನೆಯ ನಾಟಕವೇ ಗೆದ್ದ ಪಕ್ಷದ ವಿಜಯೋತ್ಸವವಾಗಿತ್ತು. ಮೊದಲನೆಯ ಸಭಾತ್ಯಾಗವೂ ಅಲ್ಲಿಯೇ ನಡೆಯಿತು.

ಅನಂತರದ ಪಂಡಿತರು ಕೇಳಿದ ಪ್ರಶ್ನೆ ಇದು: ರಸ ಯಾರಲ್ಲಿರುತ್ತದೆ? ಲೊಲ್ಲಟನು ಮೂಲದ ರಾಮನಲ್ಲಿ ಎಂದನು. ಅವನ ವೇಷವನ್ನು ಹೊತ್ತ ನಟನಲ್ಲಿಯೂ ಅದು ತೋರುವುದೆಂದನು. ಶಂಕುಕನು ಚಿತ್ರದಲ್ಲಿ ಬರೆದ ಕುದುರೆಯ ದೃಷ್ಟಾಂತವನ್ನು ಕೊಟ್ಟನು: ಅದನ್ನು ಕುದುರೆಯೆಂದೇ ಗ್ರಹಿಸುತ್ತೇವೆ, ಆದರೆ ಹತ್ತಿ ಸವಾರಿಮಾಡಲು ಹೋಗುವುದಿಲ್ಲ. ಅಭಿನವಗುಪ್ತನು ವಾದವನ್ನು ಮುಗಿಸಿದನು. ರಸವಿರುವುದು ನೋಡುವವನ ಹೃದಯದಲ್ಲಿ. ನಟನನ್ನು ಪಾತ್ರವೆಂದು ಕರೆಯುವುದೇ ಆ ಕಾರಣಕ್ಕೆ. ಪಾನಪಾತ್ರೆ ಪಾನದ ರುಚಿಯನ್ನು ತಾನು ಕಾಣುವುದಿಲ್ಲ. ನಮ್ಮ ಅಡುಗೆಮನೆಯ ಪಾತ್ರೆಯೂ ರಂಗದ ಪಾತ್ರವೂ ಒಂದೇ ಶಬ್ದವೆಂಬುದನ್ನು ಗೃಹಿಣಿಯರು ಗಮನಿಸಬೇಕು. ಸಾರು ರುಚಿಯಾಗಿತ್ತೆಂದು ಯಾರೂ ತಪ್ಪಲೆಯನ್ನು ಪಟೇಲನನ್ನಾಗಿ ಮಾಡುವುದಿಲ್ಲ. ಪರದೆಯ ಮುಂದೆ ನಮ್ಮ ಕಣ್ಣಿನಲ್ಲಿ ನೀರು ಬಂದರೆ ಆ ಕರುಣೆ ನಮ್ಮದು. ಅನ್ಯಾಯವನ್ನು ಕಂಡು ಮುಷ್ಟಿ ಬಿಗಿದರೆ ಆ ಧರ್ಮಬುದ್ಧಿ ನಮ್ಮದು. ಚುನಾವಣೆಯ ಕಾಲದಲ್ಲಿ ಪಕ್ಷಗಳು ನಟನಟಿಯರನ್ನು ಕರೆತರುವುದು ಈ ನಮ್ಮ ಸೊತ್ತನ್ನು ನಮ್ಮಿಂದಲೇ ಎರವಲು ಪಡೆಯುವುದಕ್ಕಾಗಿ.

ಈ ಎರವಲಿನ ವ್ಯವಹಾರದಲ್ಲಿ ಪಾತ್ರೆಗೇ ಒಡಕು ಬಂದ ಒಂದು ಕಥೆ ಮುಳಬಾಗಿಲಿಗೆ ಸೇರಿದ್ದು. ಡಿ. ವಿ. ಗುಂಡಪ್ಪನವರು ೧೮೮೭ರಲ್ಲಿ ಹುಟ್ಟಿದ ಊರು ಮುಳಬಾಗಿಲು. ಸಾರ್ವಜನಿಕ ಜೀವನವೆಂದರೇನು, ಪ್ರಜೆಯ ಕರ್ತವ್ಯವೇನು ಎಂಬುದನ್ನು ಕನ್ನಡಿಗರಿಗೆ ಬಾಳುದ್ದಕ್ಕೂ ತಿಳಿಯಹೇಳಿದವರು ಅವರು. ಅದೇ ತಾಲ್ಲೂಕಿನ ಮಗಳು ನಟಿ ಸೌಂದರ್ಯಾ. ಅವರ ತಂದೆ ಕೆ. ಎಸ್. ಸತ್ಯನಾರಾಯಣ ಅವರು ಚಿತ್ರಗಳಿಗೆ ಬರೆಯುತ್ತಿದ್ದವರು, ನಿರ್ಮಾಪಕರು. ವೈದ್ಯವ್ಯಾಸಂಗವನ್ನು ಅರ್ಧಕ್ಕೆ ಬಿಟ್ಟ ಮಗಳು ೧೯೯೨ರಲ್ಲಿ ‘ಗಂಧರ್ವ’ ಎಂಬ ಕನ್ನಡ ಚಿತ್ರದಲ್ಲಿ ಕಾಣಿಸಿಕೊಂಡು, ಬೇಗನೆ ತೆಲುಗಿಗೆ ಹೋದರು. ೧೯೯೫ರ ‘ಅಮ್ಮೋರು’ ಚಿತ್ರವನ್ನು ನಮ್ಮ ಗಡಿಯ ಹಳ್ಳಿಗಳವರು ಎತ್ತಿನ ಗಾಡಿ, ಟ್ರ್ಯಾಕ್ಟರುಗಳಲ್ಲಿ ಹೋಗಿ ನೋಡಿಬಂದರು. ನಡೆನುಡಿಯಲ್ಲಿ ಗೃಹಸ್ಥರ ಮನೆಯ ಹೆಣ್ಣುಮಗಳಂತೆ ತೋರುವ, ಅಂಗಾಂಗ ಪ್ರದರ್ಶನದ ಹಂಗಿಲ್ಲದೆ ಹೆಸರು ಪಡೆದ ನಟಿಯೆಂದು ಹೆಂಗಸರಿಗೆ ಆಕೆಯ ಮೇಲೆ ವಿಶೇಷವಾದ ಮಮತೆ. ‘ನಮ್ಮ ಕಡೆಯ ಹುಡುಗಿ’ ಎಂಬ ಅಭಿಮಾನ ಬೇರೆ.

ಹಣವೂ ಹೆಸರೂ ಬಂದ ಮೇಲೆ ಆಕೆ ಮಾಡಿದ ಕಾರ್ಯವನ್ನು ನೋಡಿರಿ. ತೆಲುಗಿನಲ್ಲಿ ಗಳಿಸಿದ ದುಡ್ಡಿನಿಂದ ಕನ್ನಡದಲ್ಲಿ ‘ದ್ವೀಪ’ ಎಂಬ ಚಿತ್ರವನ್ನು ನಿರ್ಮಿಸಿದರು. ಕಥೆ ನಾ. ಡಿಸೋಜರದು, ನಿರ್ದೇಶನ ಗಿರೀಶ ಕಾಸರವಳ್ಳಿಯವರದು. ಅಣೆಕಟ್ಟಿನ ನೀರು ದಿನದಿನಕ್ಕೆ ಏರುತ್ತಿರುವಾಗ ಬೆಟ್ಟದ ಮೇಲಿನ ಮನೆಯನ್ನು ಬಿಟ್ಟು ಹೋಗಲಾರದ ಒಂದು ಪುಟ್ಟ ಸಂಸಾರ. ಆ ಸಂಸಾರವನ್ನು ಎರಡು ಕೈಗಳಿಂದ ಎತ್ತಿ ಹಿಡಿಯುವ ಸೊಸೆ ನಾಗಿ. ಕೊನೆಗೆ ಮನೆ ಉಳಿದಾಗ ಗಂಡನು ದೇವರು ಕಾಪಾಡಿದನೆನ್ನುತ್ತಾನೆ; ಮಳೆಯಲ್ಲಿ ರಾತ್ರಿಯೆಲ್ಲ ಹೆಣಗಿದ ಹೆಂಡತಿಯ ಶ್ರಮ ಅವನ ಕಣ್ಣಿಗೆ ಬೀಳುವುದಿಲ್ಲ. ನಾಗಿಯ ಮುಖದಲ್ಲಿ ಆಗ ಸೌಂದರ್ಯಾ ಅವರು ತಂದ ಭಾವವನ್ನು ಕಂಡ ಯಾವ ಗೃಹಿಣಿಗೂ ವ್ಯಾಖ್ಯಾನ ಬೇಕಿಲ್ಲ. ಆ ಚಿತ್ರಕ್ಕೆ ನಲವತ್ತೊಂಬತ್ತನೆಯ ರಾಷ್ಟ್ರೀಯ ಚಲಚ್ಚಿತ್ರ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಚಿತ್ರವೆಂಬ ಗೌರವ ಬಂದಿತು. ಸರಕಾರ ಕಟ್ಟುವ ಅಣೆಗೆ ಯಾರ ಮನೆ ಮುಳುಗುತ್ತದೆ, ಪರಿಹಾರವೆಂಬುದು ಯಾವುದಕ್ಕೆ ಪರಿಹಾರ, ಮನೆಯೊಳಗಿನ ದುಡಿಮೆಗೆ ಲೆಕ್ಕವೆಲ್ಲಿ ಎಂಬ ಪ್ರಶ್ನೆಗಳನ್ನು ಯಾವ ಪಕ್ಷದ ಧ್ವಜವನ್ನೂ ಹಿಡಿಯದೆ ಎತ್ತಿದ ಚಿತ್ರ ಅದು. ನನ್ನ ಬುದ್ಧಿಗೆ ತೋರುವಮಟ್ಟಿಗೆ ಆ ನಟಿಯ ನಿಜವಾದ ರಾಜಕೀಯ ಭಾಷಣ ಅದೇ.

ಎರಡನೆಯ ಭಾಷಣಕ್ಕೆಂದು ಆಕೆ ಹೊರಟದ್ದು ೨೦೦೪ರ ಏಪ್ರಿಲ್ ೧೭, ಶನಿವಾರದಂದು. ಲೋಕಸಭೆಯ ಚುನಾವಣ. ಮೊದಲನೆಯ ಸುತ್ತಿನ ಮತದಾನಕ್ಕೆ ಮೂರೇ ದಿನ ಉಳಿದಿದ್ದುವು. ಆಂಧ್ರದ ಕರೀಂನಗರದಲ್ಲಿ ಭಾರತೀಯ ಜನತಾ ಪಕ್ಷದ ಪರವಾಗಿ ಪ್ರಚಾರ ಮಾಡಬೇಕಾಗಿತ್ತು. ಬೆಂಗಳೂರಿನ ಜಕ್ಕೂರಿನಿಂದ ಹಾರಿದ ಸಣ್ಣ ವಿಮಾನ ಕೆಲವೇ ಕ್ಷಣಗಳಲ್ಲಿ ಹತ್ತಿರದ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಆವರಣದಲ್ಲಿ ಬಿದ್ದು ಉರಿದುಹೋಯಿತು. ಸೌಂದರ್ಯಾ, ಅವರ ಅಣ್ಣ ಅಮರನಾಥ್, ಜೊತೆಗಿದ್ದ ಪಕ್ಷದ ಕಾರ್ಯಕರ್ತರು, ವಿಮಾನಚಾಲಕರು, ನಾಲ್ವರೂ ಉಳಿಯಲಿಲ್ಲ. ಆಕೆಗೆ ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಯಂತ್ರದ ದೋಷವೋ ದೈವದ ದೋಷವೋ, ಅಪಘಾತಕ್ಕೆ ಯಾವ ಪಕ್ಷವನ್ನೂ ಹೊಣೆಮಾಡುವುದು ಸಲ್ಲದು. ಸ್ವಂತ ಇಚ್ಛೆಯಿಂದ ಯಾವ ಪಕ್ಷದ ಪರವಾಗಿ ಮಾತನಾಡುವುದಕ್ಕೂ ಆಕೆಗೆ ನನಗಿರುವಷ್ಟೇ, ನಿಮಗಿರುವಷ್ಟೇ ಅಧಿಕಾರವಿದ್ದಿತು. ಆದರೂ ಒಂದು ಮಾತು ನನ್ನ ಮನಸ್ಸನ್ನು ಕೊರೆಯುತ್ತದೆ. ಕರೀಂನಗರದ ರೈತನ ನೀರು, ನೇಕಾರನ ಸಾಲ, ಪ್ರತ್ಯೇಕ ತೆಲಂಗಾಣದ ಕೂಗು, ಇವುಗಳ ವಿಚಾರದಲ್ಲಿ ಆಕೆಯ ಅಭಿಪ್ರಾಯ ಬೇಕೆಂದು ಯಾರೂ ಕರೆದಿರಲಿಲ್ಲ. ಬೇಕಾಗಿದ್ದುದು ಆಕೆಯ ಮುಖ. ಆ ಮುಖವನ್ನು ನೋಡಿದಾಗ ಸಾವಿರಾರು ಹೆಂಗಸರ ಎದೆಯಲ್ಲಿ ಏಳುವ ಮಮತೆಯನ್ನು ಮೂರು ದಿನಗಳ ಮಟ್ಟಿಗೆ ಎರವಲು ತೆಗೆದುಕೊಳ್ಳಬೇಕಾಗಿತ್ತು. ಅಲ್ಲಿಯ ಜನ ತಮ್ಮ ಪ್ರಶ್ನೆಯನ್ನು ತಾವೇ ತೂಗಿ ನೋಡಿ ತೆಲಂಗಾಣ ರಾಷ್ಟ್ರ ಸಮಿತಿಯ ಕೆ. ಚಂದ್ರಶೇಖರರಾಯರನ್ನು ಆರಿಸಿದರು.

ಅನಂತರದ ಇಪ್ಪತ್ತು ವರ್ಷಗಳಲ್ಲಿ ಈ ವ್ಯವಹಾರ ಬೆಳೆಯಿತೇ ಹೊರತು ಕುಗ್ಗಲಿಲ್ಲ. ಚಿರಂಜೀವಿಯವರು ೨೦೦೮ರಲ್ಲಿ ಪಕ್ಷವನ್ನು ಕಟ್ಟಿ ೨೦೦೯ರಲ್ಲಿ ಹದಿನೆಂಟು ಸ್ಥಾನಗಳನ್ನು ಗೆದ್ದು, ೨೦೧೧ರಲ್ಲಿ ಅದನ್ನು ಕಾಂಗ್ರೆಸ್ಸಿನಲ್ಲಿ ಲೀನಗೊಳಿಸಿದರು. ಅವರ ತಮ್ಮ ಪವನ್ ಕಲ್ಯಾಣ್ ಅವರು ೨೦೧೯ರಲ್ಲಿ ನಿಂತ ಎರಡು ಕಡೆಯಲ್ಲಿಯೂ ಸೋತು, ೨೦೨೪ರಲ್ಲಿ ತಮ್ಮ ಪಕ್ಷ ನಿಂತ ಇಪ್ಪತ್ತೊಂದು ಸ್ಥಾನಗಳನ್ನೂ ಗೆದ್ದರು. ಮಂಡ್ಯದಲ್ಲಿ ೨೦೧೯ರಲ್ಲಿ ಅಂಬರೀಷರ ಪತ್ನಿ ಸುಮಲತಾ ಅವರು ಪಕ್ಷೇತರರಾಗಿ ನಿಂತು, ಮುಖ್ಯಮಂತ್ರಿಯ ಮಗನೂ ನಟರೂ ಆದ ನಿಖಿಲ್ ಅವರನ್ನು ಒಂದೂಕಾಲು ಲಕ್ಷಕ್ಕೂ ಹೆಚ್ಚಿನ ಅಂತರದಿಂದ ಸೋಲಿಸಿದರು. ಅಲ್ಲಿ ಸೋತವರೂ ಗೆದ್ದವರೂ ಪರದೆಯವರೇ. ನಟರೆಂದರೆ ಜನ ಕುರುಡಾಗಿ ಮತಕೊಡುವರೆಂಬ ವಾದಕ್ಕೂ, ಕೊಡುವುದೇ ಇಲ್ಲವೆಂಬ ವಾದಕ್ಕೂ ಈ ಪಟ್ಟಿಯಲ್ಲಿ ಆಧಾರ ಸಿಕ್ಕದು.

ನನ್ನ ಚಿಂತೆ ಸೋಲುಗೆಲುವಿನದಲ್ಲ. ೨೦೨೪ರ ಜನವರಿಯಲ್ಲಿ ಗದಗ ಜಿಲ್ಲೆಯ ಹಳ್ಳಿಯೊಂದರಲ್ಲಿ ನಟ ಯಶ್ ಅವರ ಹುಟ್ಟುಹಬ್ಬಕ್ಕೆಂದು ರಾತ್ರಿಯಲ್ಲಿ ಕಟೌಟನ್ನು ನಿಲ್ಲಿಸುತ್ತಿದ್ದ ಮೂವರು ತರುಣರು ವಿದ್ಯುತ್ತಿನ ತಂತಿ ತಗುಲಿ ಸತ್ತರು. ೨೦೨೫ರ ಜೂನ್ ೪ರಂದು ಬೆಂಗಳೂರಿನಲ್ಲಿ ಕ್ರಿಕೆಟ್ ತಂಡವೊಂದರ ವಿಜಯೋತ್ಸವವಾಯಿತು. ವಿಧಾನಸೌಧದ ಮೆಟ್ಟಿಲ ಮೇಲೆ ಮಂತ್ರಿಗಳು ಆಟಗಾರರಿಗೆ ಸನ್ಮಾನ ಮಾಡಿದ ಆ ಸಂಜೆ, ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳಲ್ಲಿ ಹನ್ನೊಂದು ಮಂದಿ ನೂಕುನುಗ್ಗಲಿಗೆ ಸಿಕ್ಕಿ ಪ್ರಾಣಬಿಟ್ಟರು. ಅದೇ ವರ್ಷ ಸೆಪ್ಟೆಂಬರ್ ೨೭ರಂದು ತಮಿಳುನಾಡಿನ ಕರೂರಿನಲ್ಲಿ ನಟ ವಿಜಯ್ ಅವರ ಪಕ್ಷದ ಸಭೆಯಲ್ಲಿ ನಲವತ್ತೊಂದು ಜನ ತುಳಿತಕ್ಕೆ ಬಲಿಯಾದರು. ಅವರಲ್ಲಿ ಮಕ್ಕಳೂ ಇದ್ದರು. ಪರದೆಯ ಮುಂದೆ ಕುಳಿತವನು ಟಿಕೆಟಿನ ಬೆಲೆಯನ್ನು ಕೊಟ್ಟು ಮನೆಗೆ ಹಿಂದಿರುಗುವನು. ನಾಯಕ ಎಂಬ ಶಬ್ದದ ಎರಡು ಅರ್ಥಗಳೂ ಒಂದೇ ದೇಹದಲ್ಲಿ ಕೂಡಿದ ಕಡೆ ಟಿಕೆಟಿಗೆ ಬೆಲೆಯಿಲ್ಲ. ಆಸನವೂ ಇಲ್ಲ, ಹೊರಗೆ ಹೋಗುವ ಬಾಗಿಲೂ ಇಲ್ಲ.

ಮಾಯೆಯ ಇನ್ನೊಂದು ಬಗೆಯನ್ನು ನಮ್ಮ ಚಿನ್ನದ ಗಣಿಯಲ್ಲಿಯೇ ನೋಡಬಹುದು. ೧೮೮೦ರಲ್ಲಿ ಜಾನ್ ಟೇಲರ್ ಕಂಪೆನಿಯವರು ಗಣಿಯ ಕೆಲಸಕ್ಕೆ ಕೈಹಾಕಿದರು; ೧೯೦೨ರಲ್ಲಿ ಶಿವನಸಮುದ್ರದಿಂದ ವಿದ್ಯುಚ್ಛಕ್ತಿ ಬಂದಿತು; ೨೦೦೧ರ ಫೆಬ್ರವರಿ ೨೮ರಂದು ಗಣಿ ಮುಚ್ಚಿತು. ಕೆಲಸ ಹೋದ ಮನೆಗಳ ಗಂಡಸರೂ ಹೆಂಗಸರೂ ಬೆಳಗಿನ ಜಾವದ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ರಾತ್ರಿ ಹಿಂದಿರುಗುವುದನ್ನು ಕಂಡವರು ಬಲ್ಲರು. ೨೦೧೮ರಲ್ಲಿಯೂ ೨೦೨೨ರಲ್ಲಿಯೂ ‘ಕೆ.ಜಿ.ಎಫ್.’ ಎಂಬ ಹೆಸರಿನ ಎರಡು ಚಿತ್ರಗಳು ದೇಶವನ್ನೆಲ್ಲ ಬೆರಗುಗೊಳಿಸಿದುವು. ಕಥೆ ಕಲ್ಪಿತ, ಊರೂ ಕಲ್ಪಿತ. ಅದಕ್ಕೆ ಆಕ್ಷೇಪವಿಲ್ಲ, ಕಲ್ಪನೆ ಕವಿಯ ಹಕ್ಕು. ಆದರೆ ಒಬ್ಬ ಬಂಧುವಿನ ಮೊಮ್ಮಗ, ಹೈದರಾಬಾದಿನಲ್ಲಿ ಓದುವ ಹುಡುಗ, ನನ್ನನ್ನು ಕೇಳಿದನು: “ತಾತ, ಅಲ್ಲಿ ಕೂಲಿಗಳನ್ನ ಬಿಡುಗಡೆ ಮಾಡಿದ್ದು ರಾಕಿ ಅಲ್ವಾ?” ಬೆರಳೊತ್ತಿನ ಗುರುತನ್ನು ಕೊಡಲಾರೆವೆಂದು ಗಣಿಯ ಕೂಲಿಗಳೇ ೧೯೩೦ರಲ್ಲಿ ಒಟ್ಟಾಗಿ ಮುಷ್ಕರ ಹೂಡಿದ್ದರೆಂದೂ, ಅಲ್ಲಿ ಒಬ್ಬ ನಾಯಕನ ಕೊಡಲಿಯಿಂದ ಯಾವುದೂ ನಡೆಯಲಿಲ್ಲವೆಂದೂ ಅವನಿಗೆ ಹೇಳಿದೆನು. ಕೊಡಲಿಯಿಲ್ಲದ ಕಥೆಯಾದುದರಿಂದ ಅವನು ಅರ್ಧಕ್ಕೇ ಮೊಬೈಲನ್ನು ಕೈಗೆತ್ತಿಕೊಂಡನು.

ಚುನಾವಣೆ ಬಂದಾಗ ಮುಳಬಾಗಿಲಿನ ಬಳಿಯ ಕುರುಡುಮಲೆಯಲ್ಲಿ ಬೆಳಗ್ಗೆಯೇ ಜನ ನೆರೆಯುತ್ತದೆ. ಅಲ್ಲಿಯ ಏಕಶಿಲೆಯ ಮಹಾಗಣಪತಿಗೆ ಪೂಜೆಮಾಡಿಸಿ ಹೊರಟರೆ ಕಾರ್ಯ ಸಿದ್ಧಿಸುವುದೆಂಬ ನಂಬಿಕೆಯಿಂದ ೧೯೯೯ರಲ್ಲಿ ಎಸ್. ಎಂ. ಕೃಷ್ಣರ ‘ಪಾಂಚಜನ್ಯ’ ಯಾತ್ರೆ ಅಲ್ಲಿಂದಲೇ ಹೊರಟಿತು. ೨೦೨೨ರ ನವೆಂಬರಿನಲ್ಲಿ ಜನತಾದಳದ ‘ಪಂಚರತ್ನ’ ರಥಯಾತ್ರೆಯೂ ಅಲ್ಲಿಂದಲೇ. ಒಂದಕ್ಕೆ ಕೃಷ್ಣನ ಶಂಖದ ಹೆಸರು, ಇನ್ನೊಂದಕ್ಕೆ ರಥ. ಹೂವಿನ ರಾಶಿ, ಧ್ವನಿವರ್ಧಕ, ಹಾಡು, ಮೇಲಿನಿಂದ ಕೈಬೀಸುವ ನಾಯಕ. ಚೈತನ್ಯರಥದ ಮಾದರಿಯನ್ನು ನಟರಲ್ಲದವರೂ ಚೆನ್ನಾಗಿ ಅಭ್ಯಾಸಮಾಡಿದ್ದಾರೆ. ನಟರು ರಾಜಕೀಯಕ್ಕೆ ಬಂದರೆಂದು ಅಳುವವರು, ರಾಜಕಾರಣಿಗಳು ಯಾವಾಗಲೋ ನಾಟಕಕ್ಕೆ ಬಂದಾಯಿತೆಂಬುದನ್ನು ಮರೆಯುತ್ತಾರೆ. ಅಂಥ ದಿನ ಆ ಗುಂಪಿನಲ್ಲಿ ನಿಂತು, ಗಣಪತಿಗೆ ಕೈಮುಗಿದು, ರಥದ ಕಡೆ ಬೆನ್ನುಮಾಡಿ ಹೊರಟ ಒಬ್ಬ ಹೆಂಗಸನ್ನು ನಾನು ಕಂಡೆನು. ಭಾಷಣವನ್ನು ಕೇಳುವುದಿಲ್ಲವೇನಮ್ಮಾ ಎಂದೆನು. “ಟೊಮ್ಯಾಟೊ ಕೀಳೋಕೆ ಹೋಗ್ಬೇಕು ಸ್ವಾಮಿ” ಎಂದಳು.

ಸೌಂದರ್ಯಾ ಅವರು ನಟಿಸಿದ್ದ ‘ಆಪ್ತಮಿತ್ರ’ ಅವರು ಹೋದ ನಾಲ್ಕು ತಿಂಗಳ ಮೇಲೆ, ೨೦೦೪ರ ಆಗಸ್ಟಿನಲ್ಲಿ ತೆರೆಕಂಡಿತು. ಅಷ್ಟರಲ್ಲಿ ದಿಲ್ಲಿಯ ಸರಕಾರ ಬದಲಾಗಿತ್ತು, ಹೈದರಾಬಾದಿನ ಸರಕಾರವೂ ಬದಲಾಗಿತ್ತು. ನಾನು ಕೋಲಾರದಲ್ಲಿ ಆ ಚಿತ್ರವನ್ನು ನೋಡಿದೆನು. ಆಕೆ ಪರದೆಯ ಮೇಲೆ ಬಂದಾಗ ಮೊದಲು ಶಿಳ್ಳೆ ಎದ್ದಿತು; ಆಮೇಲೆ ತಾನಾಗಿಯೇ ಅಡಗಿತು; ಹೆಂಗಸರ ಕಡೆಯಿಂದ ಮೂಗು ಸೀಟುವ ಶಬ್ದ ಕೇಳಿಸಿತು. ನನ್ನ ಬಲಕ್ಕೆ ಕುಳಿತಿದ್ದವರು ಒಂದು ಪಕ್ಷದ ಕಾರ್ಯಕರ್ತರು, ಎಡಕ್ಕೆ ಕುಳಿತಿದ್ದವರು ಇನ್ನೊಂದರವರು. ಇಬ್ಬರ ಪರಿಚಯವೂ ನನಗಿದ್ದಿತು. ಇಬ್ಬರೂ ಪಂಚೆಯ ಅಂಚಿನಿಂದ ಕಣ್ಣೊರಸಿಕೊಂಡರು.